ಕವರಿನ ಪಾಲಿನಿಂದ ಪ್ರಾವಿಡೆಂಟ್ ಫಂಡಿನ ಪಾಲಿಗೆ

ಮದುವೆ ಮುರಿದರೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಎಷ್ಟು ಪಾಲು? ತುಳುನಾಡಿನ ಅಳಿಯಸಂತಾನ ಪದ್ಧತಿ ಈ ಪ್ರಶ್ನೆಗೆ ಶತಮಾನಗಳ ಕಾಲ ಕೊಟ್ಟ ಉತ್ತರ ಒಂದೇ ಮಾತಿನದು: ಏನೂ ಇಲ್ಲ. ಕೇಳಿದ ಕೂಡಲೇ ಕ್ರೂರವೆನಿಸುವ ಈ ಉತ್ತರದ ಹಿಂದೆ ಒಂದು ಭದ್ರತೆಯೂ ಇತ್ತು. ಆಕೆಯ ಅನ್ನ, ಬಟ್ಟೆ, ಮುಪ್ಪಿನ ಆಸರೆ ಗಂಡನ ಕೈಯಲ್ಲಿರಲಿಲ್ಲ, ತಾಯಿಯ ಮನೆಯಲ್ಲಿತ್ತು. ಗಂಡನ ಮನೆಯಲ್ಲಿ ಬಾಳಿದರೂ ಆಕೆ ತಾಯಿಯ ಕುಟುಂಬದ ಸದಸ್ಯೆಯಾಗಿಯೇ ಉಳಿಯುತ್ತಿದ್ದಳು. ಮದುವೆ ಮುರಿದರೆ ಆಕೆ ಮರಳುತ್ತಿದ್ದುದು ತನ್ನದೇ ಹಕ್ಕಿನ ಮನೆಗೆ.

ಅದೇ ಉಡುಪಿ, ಕಾಪು, ಕಾರ್ಕಳ, ಮಣಿಪಾಲಗಳಲ್ಲಿ ಇಂದು ಮುಪ್ಪಿನ ಆಸರೆ ಎಂದರೆ ಅನೇಕರಿಗೆ ಗದ್ದೆ ತೋಟವಲ್ಲ. ಭವಿಷ್ಯನಿಧಿ, ಗ್ರಾಚ್ಯುಟಿ, ಪಿಂಚಣಿ. ಇವು ಕುಟುಂಬದ ಹೆಸರಿನಲ್ಲಿ ಇರುವುದಿಲ್ಲ, ನೌಕರಿ ಮಾಡಿದವರ ಹೆಸರಿನಲ್ಲಿ ಇರುತ್ತವೆ. ಮದುವೆ ಮುರಿದಾಗ ಇವನ್ನು ಎರಡು ಪಾಲು ಮಾಡುವ ಕಾನೂನು ಭಾರತದಲ್ಲಿ ಇನ್ನೂ ಬಂದಿಲ್ಲ. ಹಳೆಯ ಭದ್ರತೆ ಹೋಗಿದೆ, ಹೊಸ ಭದ್ರತೆಯನ್ನು ಹಂಚುವ ದಾರಿ ಸ್ಪಷ್ಟವಾಗಿಲ್ಲ. ಈ ನಡುವಿನ ಜಾಗವನ್ನು ತುಂಬುವುದು ಗಂಡ ಹೆಂಡತಿ ಬರೆದುಕೊಳ್ಳುವ ಒಪ್ಪಂದಪತ್ರ. ಪತ್ರದ ಒಂದು ಮಾತು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಈ ಜಿಲ್ಲೆಯ ಇತಿಹಾಸದಲ್ಲೇ ಸಾಕಷ್ಟು ಪಾಠವಿದೆ.

ಬಾರ್ಕೂರಿನ ಕಥೆ

ಅಳಿಯಸಂತಾನದ ಹುಟ್ಟನ್ನು ಜನ ಬಾರ್ಕೂರಿನೊಂದಿಗೆ ಜೋಡಿಸುತ್ತಾರೆ. ದೇವಪಾಂಡ್ಯನ ಹಡಗುಗಳು ಕಡಲಿಗಿಳಿಯಬೇಕಾದರೆ ಒಬ್ಬ ಮಗನನ್ನು ಬಲಿ ಕೊಡಬೇಕೆಂದು ಕುಂಡೋದರನೆಂಬ ಭೂತ ಕೇಳಿತಂತೆ. ರಾಜನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲು ಒಪ್ಪಲಿಲ್ಲ. ರಾಜನ ತಂಗಿ ತನ್ನ ಮಗನನ್ನು ಮುಂದೆ ನಿಲ್ಲಿಸಿದಳು. ಭೂತ ಆ ಹುಡುಗನನ್ನು ಕೊಲ್ಲದೆ ಉಳಿಸಿತು. ಅವನೇ ಮುಂದೆ ಭೂತಾಳಪಾಂಡ್ಯನೆನಿಸಿ, ಆಸ್ತಿ ಮಗನಿಗಲ್ಲ, ಅಳಿಯನಿಗೆ ಎಂದು ಕಟ್ಟು ಮಾಡಿದ ಎನ್ನುತ್ತದೆ ಕಥೆ. ಕಥೆ ಏನೇ ಇರಲಿ, ಪದ್ಧತಿ ಮಾತ್ರ ಗಟ್ಟಿಯಾಗಿ ಬೇರೂರಿತ್ತು. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಭೈರರಸರ ಮನೆತನವೂ ಅಳಿಯಸಂತಾನದ್ದೇ. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರು ಮೊದಲಾದವರು ಇದನ್ನು ಅನುಸರಿಸಿದರು. ಶಿವಳ್ಳಿ ಬ್ರಾಹ್ಮಣರು, ಗೌಡ ಸಾರಸ್ವತರು ಮಕ್ಕಳಸಂತಾನದವರು.

ಒಬ್ಬ ಮೂಲ ಹೆಣ್ಣಿನಿಂದ ಹೆಣ್ಣುಸಾಲಿನಲ್ಲಿ ಬಂದವರೆಲ್ಲ ಸೇರಿ ಒಂದು ಕುಟುಂಬ. ಅದರೊಳಗೆ ಒಬ್ಬ ಹೆಣ್ಣು, ಆಕೆಯ ಮಕ್ಕಳು ಮತ್ತು ಹೆಣ್ಣುಮಕ್ಕಳ ಸಂತತಿ ಸೇರಿದರೆ ಒಂದು ಕವರು. ಕುಟುಂಬದ ಹಿರಿಯ ಯಜಮಾನ, ಹೆಣ್ಣಾದರೆ ಯಜಮಾನ್ತಿ. ಆಸ್ತಿಯನ್ನು ನೋಡಿಕೊಳ್ಳುವುದು, ಎಲ್ಲ ಸದಸ್ಯರನ್ನು ಸಾಕುವುದು ಅವರ ಹೊಣೆ. ಕೈಲಾಗದ ಮುದುಕನಿಗೂ ಗಂಡನನ್ನು ಬಿಟ್ಟುಬಂದ ಹೆಣ್ಣಿಗೂ ಕುಟುಂಬದ ಮನೆಯಲ್ಲಿ ಅನ್ನದ ಹಕ್ಕಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕುಟುಂಬದ ಆಸ್ತಿಯೇ ಅಂದಿನ ಪಿಂಚಣಿ ನಿಧಿ.

ಗಂಡಹೆಂಡಿರ ಸಂಬಂಧವನ್ನು ಈ ಪದ್ಧತಿ ಎಷ್ಟು ಸಡಿಲವಾಗಿ ಬಿಟ್ಟಿತ್ತೆಂದರೆ, ಇಷ್ಟ ಬಂದಾಗ ಬಿಡಬಹುದಾದ ಅಳಿಯಸಂತಾನದ ಮದುವೆ ದಂಡಸಂಹಿತೆಯ ಅರ್ಥದಲ್ಲಿ ಮದುವೆಯೇ ಅಲ್ಲ ಎಂದು 1883ರಲ್ಲಿ ಮದ್ರಾಸ್ ಹೈಕೋರ್ಟು ತೀರ್ಮಾನಿಸಿತು. ಗಂಡ ಸ್ವಂತ ದುಡಿದು ಗಳಿಸಿದ್ದೂ ಆತ ಸತ್ತ ಮೇಲೆ ಹೆಂಡತಿ ಮಕ್ಕಳಿಗೆ ಹೋಗುತ್ತಿರಲಿಲ್ಲ, ಆತನ ತಾಯಿಯ ಕಡೆಗೆ ಮರಳುತ್ತಿತ್ತು. ಹೆಂಡತಿ ಮಕ್ಕಳಿಗೆ ಏನಾದರೂ ಬಿಡಬೇಕೆಂದಿದ್ದವರು ಬದುಕಿರುವಾಗಲೇ ದಾನಪತ್ರವನ್ನೋ ವೀಲುನಾಮೆಯನ್ನೋ ಬರೆಯಬೇಕಾಗಿತ್ತು. ಕರಾವಳಿಯ ಮನೆಗಳಲ್ಲಿ ಪತ್ರ ಬರೆಯುವವರಿಗೆ ಇದ್ದ ಗೌರವಕ್ಕೆ ಇದೂ ಒಂದು ಕಾರಣ.

ಪಾಲೋ, ಅನುಭೋಗವೋ?

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸ್ ಹೈಕೋರ್ಟು ಸ್ಥಾಪನೆಯಾದದ್ದು 1862ರಲ್ಲಿ. ಅದರ ಬೆನ್ನಿಗೇ ಆ ನ್ಯಾಯಾಲಯ ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಬಲವಂತದಿಂದ ಪಾಲು ಮಾಡಿಸುವಂತಿಲ್ಲ ಎಂದು ಹೇಳಿತು. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. ಆದರೆ ಕುಟುಂಬ ದೊಡ್ಡದಾಗುತ್ತಾ ಹೋದಂತೆ ಒಂದೇ ಮನೆಯಲ್ಲಿ ಒಂದೇ ಒಲೆಯಲ್ಲಿ ಬದುಕುವುದು ಕಷ್ಟವಾಯಿತು. ಆಗ ಕಂಡುಕೊಂಡ ದಾರಿ ಕರಾರುಪತ್ರ. ಈ ಬೈಲಿನ ಗದ್ದೆ ಹಿರಿಯ ಕವರಿಗೆ, ಆ ಬೆಟ್ಟಿನ ತೋಟ ಕಿರಿಯ ಕವರಿಗೆ ಎಂದು ಹಂಚಿ, ನೋಂದಣಿ ಮಾಡಿಸಿ, ಪ್ರತ್ಯೇಕವಾಗಿ ಬಾಳುವುದು.

ತೊಡಕು ಇದ್ದದ್ದು ಪತ್ರದ ಭಾಷೆಯಲ್ಲಿ. ಇದು ಶಾಶ್ವತ ಪಾಲೇ? ಇಲ್ಲ, ಜೀವನಕ್ಕಾಗಿ ಮಾಡಿಕೊಂಡ ಅನುಭೋಗದ ಏರ್ಪಾಡೇ? ಪಾಲಾದರೆ ಆಸ್ತಿ ಆ ಕವರಿನ ಸ್ವಂತದ್ದು. ಬರೀ ಅನುಭೋಗವಾದರೆ ಆಸ್ತಿ ಇಂದಿಗೂ ಇಡೀ ಕುಟುಂಬದ್ದು, ಯಾರು ಬೇಕಾದರೂ ಮುಂದೆ ಹೊಸದಾಗಿ ಪಾಲು ಕೇಳಬಹುದು. ಪತ್ರ ಬರೆದವರಿಗೆ ತಮ್ಮ ಮನಸ್ಸಿನಲ್ಲಿದ್ದದ್ದು ಗೊತ್ತಿತ್ತು. ಆದರೆ ಮೊಮ್ಮಕ್ಕಳು ನ್ಯಾಯಾಲಯಕ್ಕೆ ಹೋದಾಗ ಬರೆದವರು ಬದುಕಿರಲಿಲ್ಲ. ಉಳಿದದ್ದು ಬರೆದ ಮಾತು ಮಾತ್ರ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಈ ಗೊಂದಲವನ್ನು ನೇರವಾಗಿ ಕೈಗೆತ್ತಿಕೊಂಡಿತು. ಮದುವೆಗೆ, ಅದರ ಬಿಡುಗಡೆಗೆ, ಜೀವನಾಂಶಕ್ಕೆ ನಿಯಮಗಳು ಬಂದವು. ಕವರು ತನ್ನ ಪಾಲನ್ನು ಕೇಳಿ ಪಡೆಯುವ ಹಕ್ಕೂ ಬಂತು. ಕಾಯ್ದೆಯ 36ನೇ ಕಲಮಿನ 6ನೇ ಉಪಕಲಂ ಹಳೆಯ ಪತ್ರಗಳನ್ನು ಕುರಿತದ್ದು. ಕುಟುಂಬದ ವಯಸ್ಕರೆಲ್ಲ ಸೇರಿ, ಎಲ್ಲ ಆಸ್ತಿಯನ್ನೂ ಎಲ್ಲ ಕವರುಗಳಿಗೆ ಶಾಶ್ವತವಾಗಿ, ಪ್ರತ್ಯೇಕ ಮತ್ತು ಸಂಪೂರ್ಣ ಅನುಭೋಗಕ್ಕೆ ಹಂಚಿದ ನೋಂದಾಯಿತ ಪತ್ರವಿದ್ದರೆ, ಆ ಪತ್ರ ತನ್ನನ್ನು ಏನೆಂದೇ ಕರೆದುಕೊಂಡಿರಲಿ, ಅದನ್ನು ಪಾಲು ಎಂದೇ ತಿಳಿಯಬೇಕು ಎಂದಿತು ಆ ಉಪಕಲಂ. ಆದರೆ ಅದರಿಂದಲೂ ವ್ಯಾಜ್ಯ ನಿಲ್ಲಲಿಲ್ಲ. ಎಲ್ಲ ಆಸ್ತಿಯೂ ಸೇರಿತ್ತೇ? ವಯಸ್ಕರೆಲ್ಲ ಸಹಿ ಹಾಕಿದ್ದರೇ? ‘ಶಾಶ್ವತ’ ಎಂಬ ಮಾತು ಎಲ್ಲಿದೆ? ಹೀಗೆ ಒಂದೊಂದು ಪದಕ್ಕೂ ವಾದ ನಡೆಯಿತು. 1967ರಲ್ಲಿ ಸುಪ್ರೀಂ ಕೋರ್ಟು ಕೂಡ ಇದೇ ಉಪಕಲಮಿನ ಅರ್ಥ ಬಿಡಿಸಬೇಕಾಯಿತು.

ಕಾಯ್ದೆಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು. 50 ವರ್ಷ ತುಂಬದ ಒಬ್ಬ ಹೆಣ್ಣಾದರೂ ಇರುವ ಕವರು ಸಂತತಿ ಕವರು. ಅಂಥ ಹೆಣ್ಣಿಲ್ಲದ್ದು ನಿಸ್ಸಂತತಿ ಕವರು. ಬೇರೆ ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ಪಾಲು ಬಂದರೂ ಅದು ಜೀವಮಾನದ ಹಕ್ಕು ಮಾತ್ರ. ಒಬ್ಬ ಹೆಣ್ಣುಮಗಳ ವಯಸ್ಸು ಯಾವ ದಿನಕ್ಕೆ ಎಷ್ಟಿತ್ತು ಎಂಬುದರ ಮೇಲೆ ಎಕರೆಗಟ್ಟಲೆ ಭೂಮಿಯ ಹಕ್ಕು ನಿಂತಿತ್ತು. ದಿನಾಂಕದ ಮಹತ್ವ ಇಲ್ಲಿನ ಹಳೆಯ ವಕೀಲರಿಗೆ ಚೆನ್ನಾಗಿ ಗೊತ್ತಿದ್ದದ್ದು ಹೀಗೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಂ ಪದ್ಧತಿಯ ಬುಡವನ್ನೇ ಸಡಿಲಿಸಿತು. ಕಾಯ್ದೆ ಬಂದ ಮೇಲೆ ತೀರಿಕೊಂಡ ಸದಸ್ಯರ ಅವಿಭಕ್ತ ಹಕ್ಕು ತಲೆಲೆಕ್ಕದಲ್ಲಿ ಪಾಲಾದಂತೆ ಭಾವಿಸಿ, ಹೊಸ ಕಾಯ್ದೆಯಂತೆ ವಾರಸುದಾರರಿಗೆ ಹೋಗತೊಡಗಿತು. ಕುಟುಂಬ ಒಡೆದು ಕವರಾಯಿತು, ಕವರು ಒಡೆದು ವ್ಯಕ್ತಿಯಾಯಿತು.

ಗದ್ದೆಯಿಂದ ಬ್ಯಾಂಕಿಗೆ

ಆಸ್ತಿಯ ರೂಪವೂ ಬದಲಾಗುತ್ತಿತ್ತು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಅವರು ಉಡುಪಿಯಲ್ಲೇ 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಗಿ, ಮಣಿಪಾಲವನ್ನು ಕೇಂದ್ರ ಮಾಡಿಕೊಂಡಿತು. 1928ರಲ್ಲಿ ಅದು ತಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಉಳಿಸಿದರೂ ಸಾಕಿತ್ತು. ಮುಪ್ಪಿಗೆ ಹಣ ಕೂಡಿಡುವ ಅಭ್ಯಾಸ ಮನೆಬಾಗಿಲಿಗೇ ಬಂದದ್ದು ಹೀಗೆ. 1969ರಲ್ಲಿ ಸಿಂಡಿಕೇಟ್, ಕೆನರಾ, 1980ರಲ್ಲಿ ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಕರಾವಳಿಯ ಯುವಕರಿಗೆ, ನಂತರ ಯುವತಿಯರಿಗೂ, ಬ್ಯಾಂಕ್ ನೌಕರಿ ಎಂದರೆ ಊರ ಗುತ್ತಿನ ಗದ್ದೆಗಿಂತ ಗಟ್ಟಿಯಾದ ಆಸ್ತಿಯೆನಿಸಿತು.

ಅತ್ತ ಗದ್ದೆಯೂ ಕೈಬಿಡುತ್ತಿತ್ತು. 1974ರ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿಗೆ ಕೊಟ್ಟ ಭೂಮಿ ಆ ವರ್ಷದ ಮಾರ್ಚ್ 1ರಿಂದ ಸರಕಾರಕ್ಕೆ ಸೇರಿ, ಒಕ್ಕಲುಗಳು ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿ ಹಕ್ಕು ಪಡೆದರು. ಅಲ್ಲೂ ಕಾಗದದ ಸಮಸ್ಯೆ ಬಿಡಲಿಲ್ಲ. ಅರ್ಜಿ ಹಾಕಿದ್ದು ಅಣ್ಣನೊಬ್ಬನ ಹೆಸರಿನಲ್ಲಿ. ಹಕ್ಕು ಅವನೊಬ್ಬನದೋ, ಜೊತೆಗೆ ದುಡಿದ ತಮ್ಮ ತಂಗಿಯರದೂ ಹೌದೋ? ಈ ಪ್ರಶ್ನೆಯ ವ್ಯಾಜ್ಯಗಳು ದಶಕಗಳ ಕಾಲ ನಡೆದವು.

ಬ್ಯಾಂಕ್ ನೌಕರರಿಗೆ ಮೊದಲು ಇದ್ದದ್ದು ಭವಿಷ್ಯನಿಧಿ ಮತ್ತು ಗ್ರಾಚ್ಯುಟಿ. ಭವಿಷ್ಯನಿಧಿಯಲ್ಲಿ ನೌಕರರ ವಂತಿಗೆಯ ಜೊತೆ ಬ್ಯಾಂಕಿನ ವಂತಿಗೆಯೂ ಸೇರುತ್ತಿತ್ತು. 1995ರ ನಿಯಮಾವಳಿಯೊಂದಿಗೆ ಪಿಂಚಣಿ ಬಂತು. ಅದನ್ನು ಆರಿಸಿಕೊಂಡವರು ಬ್ಯಾಂಕಿನ ವಂತಿಗೆಯನ್ನು ಬಿಟ್ಟುಕೊಡಬೇಕಾಯಿತು. ಆಗ ಆರಿಸಿಕೊಳ್ಳದವರಿಗೆ 2010ರಲ್ಲಿ ಇನ್ನೊಂದು ಅವಕಾಶ ಸಿಕ್ಕಿತು. ಆ ವರ್ಷದ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಮಾತ್ರ. ಹೀಗೆ ಒಂದೇ ಶಾಖೆಯಲ್ಲಿ ಪಕ್ಕಪಕ್ಕದ ಮೇಜಿನಲ್ಲಿ ಕುಳಿತವರ ನಿವೃತ್ತಿಯ ಆಸ್ತಿ ಬೇರೆ ಬೇರೆ ಬಗೆಯದಾಯಿತು.

ಕಾನೂನಿನ ಬೇಲಿ

ಇಂಥ ನೌಕರರ ಮದುವೆ ಮುರಿದಾಗ ಏನಾಗುತ್ತದೆ? 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇದಕ್ಕೆ ಸಂಬಂಧಪಟ್ಟ ಎರಡು ಕಲಮುಗಳಿವೆ. 25ನೇ ಕಲಮಿನಂತೆ ನ್ಯಾಯಾಲಯ ಒಟ್ಟು ಮೊತ್ತವನ್ನೋ ತಿಂಗಳ ಕಂತನ್ನೋ ಶಾಶ್ವತ ಜೀವನಾಂಶವಾಗಿ ಕೊಡಿಸಬಹುದು. ಗಂಡ ಹೆಂಡತಿ ಇಬ್ಬರಲ್ಲಿ ಯಾರು ಬೇಕಾದರೂ ಕೇಳಬಹುದು. 27ನೇ ಕಲಂ ಮದುವೆಯ ಹೊತ್ತಿಗೆ ಬಂದ, ಇಬ್ಬರಿಗೂ ಜಂಟಿಯಾಗಿ ಸೇರಿದ ವಸ್ತುಗಳ ಬಗ್ಗೆ. ದಾಂಪತ್ಯದ ಕಾಲದಲ್ಲಿ ಗಳಿಸಿದ್ದೆಲ್ಲ ಇಬ್ಬರದೂ ಎಂಬ ತತ್ವ ಈ ಕಾಯ್ದೆಯಲ್ಲಿ ಇಲ್ಲ. ಮದುವೆಯೊಂದಿಗೆ ಗಂಡಹೆಂಡಿರ ಆಸ್ತಿ ಸಾಮಾನ್ಯವಾಗಿ ಒಂದಾಗುವ ಪದ್ಧತಿ ನೆರೆಯ ಗೋವಾದಲ್ಲಿ ಪೋರ್ಚುಗೀಸ್ ಸಂಹಿತೆಯಿಂದ ಉಳಿದಿದೆ. ಕಾರವಾರ ದಾಟಿ ಈಚೆಗೆ ಬಂದರೆ ಇಲ್ಲ.

ಮೇಲಾಗಿ ಭವಿಷ್ಯನಿಧಿಯ ಸುತ್ತ ಬೇಲಿಯಿದೆ. 1952ರ ಭವಿಷ್ಯನಿಧಿ ಕಾಯ್ದೆಯ 10ನೇ ಕಲಂ ಆ ಹಣವನ್ನು ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ, ಬೇರೆಯವರಿಗೆ ಬರೆದುಕೊಡುವಂತಿಲ್ಲ ಎಂದಿತು. ಆ ಕಾಯ್ದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದರೂ ರಕ್ಷಣೆಯ ತತ್ವ ಉಳಿದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೂಡ ಭವಿಷ್ಯನಿಧಿ, ಪಿಂಚಣಿಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಸಂಬಳದ ಮಾತು ಬೇರೆ: ಜೀವನಾಂಶದ ಡಿಕ್ರಿಗಾಗಿ ಸಂಬಳದ ಮೂರನೇ ಒಂದು ಭಾಗವನ್ನು ಬಿಟ್ಟು ಉಳಿದದ್ದನ್ನು ಜಪ್ತಿ ಮಾಡಲು ಅವಕಾಶವಿದೆ. ಹೆಂಡತಿಯ ಜೀವನಾಂಶ ಮಾಮೂಲಿ ಸಾಲವಲ್ಲ, ಅದಕ್ಕಾಗಿ ಪಿಂಚಣಿಯನ್ನೂ ಮುಟ್ಟಬಹುದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದ್ದುಂಟು. ಆದರೂ ಭವಿಷ್ಯನಿಧಿಯ ಖಾತೆಯನ್ನೇ ಕತ್ತರಿಸಿ ಎರಡು ಖಾತೆ ಮಾಡುವ ವಿಧಾನ ನಮ್ಮಲ್ಲಿಲ್ಲ.

ಬೇಲಿಯ ಉದ್ದೇಶ ಒಳ್ಳೆಯದೇ. ದುಡಿದವರ ಮುಪ್ಪಿನ ಅನ್ನವನ್ನು ಸಾಲಗಾರರು ಕಿತ್ತುಕೊಳ್ಳಬಾರದು. ಆದರೆ 25 ವರ್ಷ ಮನೆ ನೋಡಿಕೊಂಡ ಹೆಂಡತಿಯೂ ಅದೇ ಬೇಲಿಯ ಹೊರಗೆ ನಿಲ್ಲುತ್ತಾಳೆ. ವಿಚ್ಛೇದನದ ಡಿಕ್ರಿಯಾದ ದಿನ ಆಕೆ ಕಾನೂನಿನ ಕಣ್ಣಿಗೆ ಹೆಂಡತಿಯಲ್ಲ; ಮುಂದೆ ಆತ ತೀರಿಕೊಂಡರೆ ಬರುವ ಕುಟುಂಬ ಪಿಂಚಣಿಯೂ ಆಕೆಗಿಲ್ಲ. ಈ ನಷ್ಟವನ್ನು ಲೆಕ್ಕ ಹಾಕದೆ ಪರಸ್ಪರ ಒಪ್ಪಿಗೆಯ ಅರ್ಜಿಗೆ ಸಹಿ ಹಾಕಿದರೆ ಆಮೇಲೆ ಸರಿಪಡಿಸುವುದು ಕಷ್ಟ.

ಹೊರದೇಶದ ಪಾಠ

ಬೇರೆ ದೇಶಗಳು ಈ ಬೇಲಿಯಲ್ಲಿ ಬಾಗಿಲು ಇಟ್ಟಿವೆ. ಜರ್ಮನಿಯಲ್ಲಿ 1977ರಿಂದ ದಾಂಪತ್ಯದ ಅವಧಿಯಲ್ಲಿ ಗಳಿಸಿದ ಪಿಂಚಣಿ ಹಕ್ಕನ್ನು ವಿಚ್ಛೇದನದಲ್ಲಿ ಸರಿತೂಗಿಸುತ್ತಾರೆ. ಬ್ರಿಟನ್ನಿನಲ್ಲಿ 2000ದ ಡಿಸೆಂಬರಿನಿಂದ ಪಿಂಚಣಿ ಹಂಚಿಕೆಯ ಆದೇಶಕ್ಕೆ ಅವಕಾಶವಿದೆ. ಅಮೆರಿಕದಲ್ಲಿ 1974ರ ಕಾಯ್ದೆ ನಿವೃತ್ತಿ ನಿಧಿಯನ್ನು ಯಾರಿಗೂ ವರ್ಗಾಯಿಸದಂತೆ ಕಟ್ಟಿಹಾಕಿತ್ತು. 1984ರಲ್ಲಿ ವಿಚ್ಛೇದನಕ್ಕಾಗಿ ಅದಕ್ಕೆ ಒಂದು ವಿನಾಯಿತಿ ಬಂತು: ನ್ಯಾಯಾಲಯದ ಆದೇಶ ನಿಗದಿತ ರೀತಿಯಲ್ಲಿ ಬರೆದಿದ್ದರೆ ನಿಧಿಯೇ ಮಾಜಿ ಹೆಂಡತಿಗೋ ಗಂಡನಿಗೋ ನೇರವಾಗಿ ಹಣ ಕೊಡುತ್ತದೆ. ಬರೀ ವಿಚ್ಛೇದನದ ತೀರ್ಪು ಸಾಲದು. ಅಮೆರಿಕದಲ್ಲಿ ನೆಲೆಸಿರುವ ಉಡುಪಿ, ಮಣಿಪಾಲದ ಕುಟುಂಬಗಳಿಗೆ ಇದು ದೂರದ ಸಂಗತಿಯಲ್ಲ.

ಅಲ್ಲೂ ಕಾಗದ ಎಡವಿದ್ದುಂಟು. ಡುಪಾಂಟ್ ಕಂಪೆನಿಯ ಒಬ್ಬ ನೌಕರರ ವಿಚ್ಛೇದನ 1994ರಲ್ಲಿ ಆಯಿತು. ಗಂಡನ ನಿವೃತ್ತಿ ನಿಧಿಗಳಲ್ಲಿ ತನಗೆ ಹಕ್ಕಿಲ್ಲವೆಂಬ ತೀರ್ಪಿಗೆ ಹೆಂಡತಿ ಒಪ್ಪಿದ್ದರು. ಪಿಂಚಣಿ ಯೋಜನೆಯ ನಮೂನೆಯಲ್ಲಿ ಆತ ಮಗಳ ಹೆಸರು ಬರೆದರು. ಉಳಿತಾಯ ಯೋಜನೆಯ ನಮೂನೆಯಲ್ಲಿ ಮಾಜಿ ಹೆಂಡತಿಯ ಹೆಸರು ಹಾಗೆಯೇ ಉಳಿಯಿತು. 2001ರಲ್ಲಿ ಆತ ತೀರಿಕೊಂಡಾಗ ಸುಮಾರು 4 ಲಕ್ಷ ಡಾಲರ್ ಮಾಜಿ ಹೆಂಡತಿಗೆ ಹೋಯಿತು. ಕಂಪೆನಿ ತನ್ನಲ್ಲಿದ್ದ ನಮೂನೆಯನ್ನು ನೋಡಿ ಹಣ ಕೊಟ್ಟದ್ದು ಸರಿ ಎಂದು 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪಿತ್ತಿತು.

ಒಪ್ಪಂದ ಎಡವುವುದೆಲ್ಲಿ?

ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ. ಅಂದಿನಿಂದ ಒಪ್ಪಂದಪತ್ರವೇ ಅನೇಕ ವಿಚ್ಛೇದನಗಳ ತಿರುಳಾಗಿದೆ. ಭವಿಷ್ಯನಿಧಿಯ ಕಚೇರಿಯಾಗಲಿ ಬ್ಯಾಂಕಾಗಲಿ ಆ ಒಪ್ಪಂದದ ಕಕ್ಷಿಗಾರರಲ್ಲ. ಆದ್ದರಿಂದ ‘ಪಿ.ಎಫ್.ನಲ್ಲಿ ಅರ್ಧ ಹೆಂಡತಿಗೆ’ ಎಂದು ಬರೆದ ಮಾತ್ರಕ್ಕೆ ಕಚೇರಿ ಅರ್ಧ ಕೊಡುವುದಿಲ್ಲ. ಹಣ ಖಾತೆದಾರರ ಕೈಗೆ ಬರುತ್ತದೆ. ಅಲ್ಲಿಂದ ಕೊಡಬೇಕಾದವರು ಅವರೇ. ಪತ್ರದಲ್ಲಿ ಅವರ ಮೇಲೆ ಹೊರಿಸಬೇಕಾದದ್ದು ಹಣ ಕೊಡುವ ಹೊಣೆ: ಇಷ್ಟು ಮೊತ್ತ, ಇಂಥ ದಿನದೊಳಗೆ, ತಪ್ಪಿದರೆ ಇಷ್ಟು ಬಡ್ಡಿ. ಜೀವನಾಂಶಕ್ಕೆ ಭದ್ರತೆಯಾಗಿ ಸ್ಥಿರಾಸ್ತಿಯ ಮೇಲೆ ಹೊಣೆ ಹೊರಿಸಲು 25ನೇ ಕಲಮಿನಲ್ಲೇ ಅವಕಾಶವಿದೆ.

ಎರಡನೆಯದು, ಅಸ್ಪಷ್ಟ ‘ಅರ್ಧ’. ಯಾವ ದಿನದ ಮೊತ್ತದ ಅರ್ಧ? ಅರ್ಜಿಯ ದಿನದ್ದೋ, ಡಿಕ್ರಿಯ ದಿನದ್ದೋ, ನಿವೃತ್ತಿಯ ದಿನದ್ದೋ? ನೌಕರರ ವಂತಿಗೆಯದೋ, ಮಾಲೀಕರ ವಂತಿಗೆಯೂ ಸೇರಿಯೋ? ಉದಾಹರಣೆಗೆ, 1992ರಲ್ಲಿ ‘ಭವಿಷ್ಯನಿಧಿಯ ಅರ್ಧ’ ಎಂದು ಬರೆದುಕೊಟ್ಟ ಬ್ಯಾಂಕ್ ನೌಕರ 1995ರ ನಂತರ ಪಿಂಚಣಿಯನ್ನು ಆರಿಸಿಕೊಂಡರೆಂದು ಇಟ್ಟುಕೊಳ್ಳೋಣ. ಬ್ಯಾಂಕಿನ ವಂತಿಗೆ ನಿಧಿಯಿಂದ ಹೊರಟುಹೋಗಿ, ಹಂಚಬೇಕಾದ ಮೊತ್ತವೇ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬದಲಿಗೆ ಬಂದ ಪಿಂಚಣಿಯ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇರುವುದಿಲ್ಲ. ಯಾರೂ ಮೋಸ ಮಾಡದೆಯೇ ಒಬ್ಬರಿಗೆ ನಷ್ಟವಾಗುತ್ತದೆ.

ಮೂರನೆಯದು, ‘ಎಲ್ಲ ಹಕ್ಕುಗಳೂ ತೀರಿವೆ’ ಎಂಬ ಒಂದೇ ಸಾಲಿನ ನಂಬಿಕೆ. ಕರ್ನಾಟಕದ ಒಂದು ಪ್ರಕರಣದಲ್ಲಿ, ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಅರ್ಜಿಯಲ್ಲಿ ಹೆಂಡತಿ 8,000 ರೂಪಾಯಿ ಪಡೆದು ಮುಂದೆ ಜೀವನಾಂಶ ಕೇಳುವುದಿಲ್ಲವೆಂದು ರಾಜಿಯಾಗಿದ್ದರು. ವಿಚ್ಛೇದನ ಆಗಿರಲಿಲ್ಲ. ಆಮೇಲೆ ಆಕೆ ಬೇರೆ ಕಾಯ್ದೆಯಡಿ ಜೀವನಾಂಶ ಕೇಳಿದಾಗ ಆ ರಾಜಿ ಅಡ್ಡಿಯಾಗುವುದಿಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಲ್ಲ ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡವರೂ ಪೂರ್ತಿ ನಿಶ್ಚಿಂತರಲ್ಲ, ಬರೆದುಕೊಟ್ಟವರೂ ಪೂರ್ತಿ ನಿರ್ಗತಿಕರಲ್ಲ. ಯಾವ ಹಕ್ಕಿಗೆ ಯಾವ ಮೊತ್ತ ಎಂದು ಬಿಡಿಸಿ ಬರೆಯುವುದು ಇಬ್ಬರಿಗೂ ಕ್ಷೇಮ.

ನಾಲ್ಕನೆಯದು, ಮನೆಯ ವಿಷಯ. ಭವಿಷ್ಯನಿಧಿ ಗಂಡನಿಗೆ, ಅದಕ್ಕೆ ಸರಿಯಾಗಿ ಮನೆ ಹೆಂಡತಿಗೆ ಎಂದು ಒಪ್ಪಿಕೊಳ್ಳುವುದು ಒಳ್ಳೆಯ ಪರಿಹಾರವೇ. ಆದರೆ ರಾಜಿ ಡಿಕ್ರಿಯಲ್ಲಿ ಬರುವ ಸ್ಥಿರಾಸ್ತಿ ಮೂಲ ಅರ್ಜಿಯ ವಿಷಯವಾಗಿರದಿದ್ದರೆ ಆ ಡಿಕ್ರಿಗೆ ನೋಂದಣಿ ಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 17ನೇ ಕಲಂ. ಮನೆ ಕೈಗೆ ಬಂದಿದೆ ಎಂದುಕೊಂಡವರಿಗೆ ಮಾರುವ ದಿನ ಕಾಗದ ಸಾಲದು ಎಂದು ಗೊತ್ತಾಗುತ್ತದೆ.

ಐದನೆಯದು, ನಾಮನಿರ್ದೇಶನ. ನಾಮನಿರ್ದೇಶಿತರು ಹಣವನ್ನು ಪಡೆಯಬಹುದು, ಮಾಲೀಕರಾಗುವುದಿಲ್ಲ ಎಂದು ಜೀವವಿಮೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲಿ ಹೇಳಿತು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆದಿದ್ದ ಭವಿಷ್ಯನಿಧಿಯಲ್ಲೂ ಹೆಂಡತಿಗೆ ಪಾಲಿದೆ ಎಂದು 2009ರಲ್ಲಿ ತೀರ್ಮಾನವಾಯಿತು. ಆದರೆ ವಿಮಾ ಕಾನೂನು ಆಮೇಲೆ ಬದಲಾಗಿದೆ: ಹೆತ್ತವರು, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮನಿರ್ದೇಶನ ಮಾಡಿದ್ದರೆ ಈಗ ಹಣದ ಹಕ್ಕೇ ಅವರಿಗೆ ಸೇರುತ್ತದೆ. ಭವಿಷ್ಯನಿಧಿಗೆ ಒಂದು ನಿಯಮ, ವಿಮೆಗೆ ಇನ್ನೊಂದು. ಡಿಕ್ರಿಯಾದ ಕೂಡಲೇ ಪ್ರತಿಯೊಂದು ಕಡೆಯ ನಮೂನೆಯನ್ನೂ ಹೊಸದಾಗಿ ತುಂಬದಿದ್ದರೆ ಡುಪಾಂಟ್ ನೌಕರರ ಕಥೆ ಇಲ್ಲೂ ನಡೆಯಬಹುದು. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ 2024ರಲ್ಲಿ ಒಂದು ಅನುಕೂಲ ಬಂದಿದೆ. ವಿಚ್ಛೇದನದ ಮೊಕದ್ದಮೆ ನಡೆಯುತ್ತಿರುವಾಗಲೇ ಕುಟುಂಬ ಪಿಂಚಣಿಗೆ ಗಂಡನಿಗಿಂತ ಮೊದಲು ಮಕ್ಕಳನ್ನು ಹೆಸರಿಸಲು ಅವರು ಕೋರಬಹುದು.

ಇದೆಲ್ಲಕ್ಕೂ ಮೊದಲು ಬೇಕಾದದ್ದು ಎಷ್ಟು ಹಣ ಎಲ್ಲಿದೆ ಎಂಬ ತಿಳಿವಳಿಕೆ. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆದಾಯ, ಠೇವಣಿ, ಪಿಪಿಎಫ್, ವಿಮೆ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಆದೇಶಿಸಿತು. ರಾಜಿಗೆ ಮುಂಚೆ ಈ ಪಟ್ಟಿಯನ್ನು ನೋಡುವುದು ಎರಡೂ ಕಡೆಯವರಿಗೆ ಒಳ್ಳೆಯದು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಂದಿಗೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ 2020ರ ಏಪ್ರಿಲ್ 1ರಂದು ವಿಲೀನವಾಗಿವೆ; ಹಳೆಯ ಹೆಸರಿನ ಹಳೆಯ ಕಾಗದವನ್ನು ಇಟ್ಟುಕೊಂಡವರು ಈಗಿನ ಹೆಸರನ್ನೂ ಖಾತೆಯನ್ನೂ ಸೇರಿಸಿ ಬರೆಸಬೇಕು.

ಬೀಡಿ ಕಟ್ಟಿದವರ ಖಾತೆ

ನಿವೃತ್ತಿಯ ಹಣ ಎಂದರೆ ಗಂಡನ ಹಣ ಎಂದು ತಿಳಿಯುವುದು ಈ ಜಿಲ್ಲೆಯ ಮಟ್ಟಿಗೆ ತಪ್ಪು. ಕಾಪು, ಕಾರ್ಕಳದ ಹಳ್ಳಿಗಳಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟಿದ ಸಾವಿರಾರು ಹೆಂಗಸರಿಗೆ ತಮ್ಮದೇ ಭವಿಷ್ಯನಿಧಿಯಿದೆ. 1977ರಲ್ಲಿ ಬೀಡಿ ಉದ್ಯಮ ಭವಿಷ್ಯನಿಧಿ ಕಾಯ್ದೆಗೆ ಸೇರಿತು. ಮನೆಯಲ್ಲಿ ಬೀಡಿ ಕಟ್ಟುವವರು ನೌಕರರೇ ಅಲ್ಲವೆಂದು ಮಾಲೀಕರು ವಾದಿಸಿದರು. ಅವರೂ ನೌಕರರೇ ಎಂದು 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಮಣಿಪಾಲದ ಆಸ್ಪತ್ರೆ ಕಾಲೇಜುಗಳಲ್ಲಿ ದುಡಿದ ಹೆಂಗಸರ ನಿವೃತ್ತಿ ಹಣವೂ ಅವರದೇ ಹೆಸರಿನಲ್ಲಿದೆ. ಅವರ ಗಂಡಂದಿರ ಸಾಲಗಾರರು ಅದನ್ನು ಮುಟ್ಟುವಂತಿಲ್ಲ. ವಿಚ್ಛೇದನದಲ್ಲಿ ಗಂಡನೂ ಅದರಲ್ಲಿ ತಾನಾಗಿ ಅರ್ಧ ಪಡೆಯಲಾರ. ಖಾತೆಯನ್ನು ಕಾಯುವ ಬೇಲಿ ಹೆಂಗಸರನ್ನೂ ಕಾಯುತ್ತದೆ. ಖಾತೆಯೇ ಇಲ್ಲದೆ ಮನೆಗೆಲಸದಲ್ಲಿ ಆಯುಷ್ಯ ಕಳೆದವರನ್ನು ಮಾತ್ರ ಅದು ಹೊರಗೆ ನಿಲ್ಲಿಸುತ್ತದೆ. ಅಳಿಯಸಂತಾನದ ಕಾಲದಲ್ಲಿ ಅಂಥವರಿಗೆ ತಾಯಿಯ ಮನೆಯಿತ್ತು. ಈಗ ಕವರುಗಳು ಒಡೆದು, ತರವಾಡು ಮನೆಗಳು ವರ್ಷಕ್ಕೊಮ್ಮೆ ದೈವದ ಕಾರ್ಯಕ್ಕೆ ಮಾತ್ರ ತೆರೆಯುವಂತಾಗಿವೆ.

ಹಳೆಯ ಪಾಲುಪಟ್ಟಿಗಳಲ್ಲಿ ಪ್ರತಿ ಗದ್ದೆಗೂ ಮೂಡು, ಪಡು, ತೆಂಕು, ಬಡಗು ಎಂದು ನಾಲ್ಕು ಗಡಿಗಳನ್ನು ಬರೆಯದೆ ಬಿಡುತ್ತಿರಲಿಲ್ಲ. ನಿವೃತ್ತಿಯ ಹಣಕ್ಕೂ ಅಂಥ ಗಡಿಗಳಿವೆ: ಯಾವ ಖಾತೆ, ಯಾವ ದಿನದ ಮೊತ್ತ, ಯಾರ ವಂತಿಗೆ, ಯಾವಾಗ ಕೊಡಬೇಕು. ಶಾಸನಸಭೆಗಳು ಬೇರೆ ದಾರಿ ಮಾಡಿಕೊಡುವವರೆಗೆ ಒಪ್ಪಂದಪತ್ರದಲ್ಲಿ ಈ ನಾಲ್ಕನ್ನೂ ಬರೆಸುವುದು ವಕೀಲರ ಕೆಲಸ. ಬರೆದದ್ದನ್ನು ಓದಿಸಿ, ತಿಳಿದುಕೊಂಡು, ಆಮೇಲೆ ಸಹಿ ಹಾಕುವುದು ಗಂಡ ಹೆಂಡತಿ ಇಬ್ಬರ ಕೆಲಸ.